ಕಪಾಟಿನಿಂದ ಅಡುಗೆಮನೆವರೆಗೆ: ಟ್ರಾಲಿ, ಕೈಚೀಲ ಮತ್ತು ದಿನಸಿಯ ಭಾರ

ಸೂಪರ್‌ಮಾರ್ಕೆಟ್‌ನಲ್ಲಿ ದಿನಸಿ ಕೊಳ್ಳುವುದೆಂದರೆ ಹಣವನ್ನೂ ಕೊಟ್ಟು ಹೊರೆಯನ್ನೂ ಹೊರುವ ಕೆಲಸ. ನಾಲ್ಕು ಜನರಿರುವ ಮನೆಯ ತಿಂಗಳ ಸಾಮಾನನ್ನು ತೂಕಕ್ಕೆ ಹಾಕಿದರೆ ಇದು ತಿಳಿಯುತ್ತದೆ. 10 ಕಿಲೋ ಅಕ್ಕಿ, 5 ಕಿಲೋ ಗೋಧಿಹಿಟ್ಟು, 5 ಲೀಟರ್ ಎಣ್ಣೆ, ನಾಲ್ಕೈದು ಕಿಲೋ ಬೇಳೆಕಾಳು, ಸಕ್ಕರೆ, ಉಪ್ಪು, ರವೆ, ಬಟ್ಟೆ ಸೋಪಿನ ಪುಡಿ, ನೆಲ ಒರೆಸುವ ಫಿನಾಯಿಲ್ ಎಲ್ಲ ಸೇರಿದರೆ 30 ಕಿಲೋ ದಾಟುತ್ತದೆ. ಅದನ್ನು ಒಂದು ಸಲ ಎತ್ತಿದರೆ ಮುಗಿಯುವುದೂ ಇಲ್ಲ. ಕಪಾಟಿನಿಂದ ಟ್ರಾಲಿಗೆ, ಟ್ರಾಲಿಯಿಂದ ಬಿಲ್ ಕೌಂಟರಿಗೆ, ಕೌಂಟರಿನಿಂದ ಚೀಲಕ್ಕೆ, ಚೀಲದ ಸಮೇತ ಗಾಡಿಗೆ, ಗಾಡಿಯಿಂದ ಮನೆಯೊಳಕ್ಕೆ, ಕೊನೆಗೆ ಚೀಲದಿಂದ ಡಬ್ಬಿಗೆ ಎಂದು ಒಂದೊಂದು ಪೊಟ್ಟಣವೂ ಆರು ಸಲ ಕೈ ಬದಲಿಸುತ್ತದೆ. 30 ಕಿಲೋ ಸಾಮಾನಿಗೆ ಒಟ್ಟು 180 ಕಿಲೋ ಎತ್ತಿಳಿಸಿದ ಲೆಕ್ಕ. ಬೀದಿ ಮೂಲೆಯ ಕಿರಾಣಿ ಅಂಗಡಿಯಲ್ಲಿ ಈ ಕೆಲಸದ ಬಹುಪಾಲನ್ನು ಅಂಗಡಿಯವರೇ ಮಾಡುತ್ತಿದ್ದರು. ಚೀಟಿ ಕೊಟ್ಟು ಬಂದರೆ ಸಂಜೆಗೆ ಹುಡುಗನೊಬ್ಬ ಸೈಕಲ್ಲಿನಲ್ಲಿ ಸಾಮಾನು ತಂದು ಬಾಗಿಲಲ್ಲಿ ಇಳಿಸುತ್ತಿದ್ದ. ಸೂಪರ್‌ಮಾರ್ಕೆಟ್ ಆ ಹುಡುಗನ ಕೆಲಸವನ್ನು ಗಿರಾಕಿಗೆ ವಹಿಸಿತು. ಟ್ರಾಲಿ ಮತ್ತು ಮರುಬಳಕೆಯ ಚೀಲ ಎರಡೂ ಹೀಗೆ ಹೆಗಲಿಗೆ ಬಿದ್ದ ಹೊರೆಯನ್ನು ಹಗುರ ಮಾಡಲು ಬಂದ ಸಾಧನಗಳು. ಈ ಆರರಲ್ಲಿ ಎಷ್ಟು ಎತ್ತಾಟವನ್ನು ತಪ್ಪಿಸಬಹುದು ಎಂಬುದರ ಮೇಲೆಯೇ ಖರೀದಿ ಸಲೀಸೋ ಸುಸ್ತೋ ಎಂಬುದು ನಿಂತಿದೆ.

ಮಡಚುವ ಕುರ್ಚಿಯಿಂದ ಬಂದ ಗಾಡಿ

ಗಿರಾಕಿ ತಾನೇ ಒಳಗೆ ನಡೆದು ಬೇಕಾದ್ದನ್ನು ಆರಿಸಿಕೊಳ್ಳುವ ಪದ್ಧತಿ ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ 1916ರಲ್ಲಿ ಶುರುವಾಯಿತು. ಕ್ಲಾರೆನ್ಸ್ ಸಾಂಡರ್ಸ್ ಅಲ್ಲಿ ತೆರೆದ ‘ಪಿಗ್ಲಿ ವಿಗ್ಲಿ’ ಅಂಗಡಿಯ ಬಾಗಿಲಲ್ಲಿ ಒಂದು ಕೈಬುಟ್ಟಿ ಕೊಡುತ್ತಿದ್ದರು. ಗುಮಾಸ್ತರ ಸಂಬಳ ಉಳಿಯಿತು, ಬೆಲೆ ಇಳಿಯಿತು, ಜನ ನುಗ್ಗಿದರು. 1930ರಲ್ಲಿ ಮೈಕೆಲ್ ಕಲನ್ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ‘ಕಿಂಗ್ ಕಲನ್’ ಎಂಬ ದೊಡ್ಡ ಮಳಿಗೆ ತೆರೆದ ಮೇಲೆ ಇದೇ ಪದ್ಧತಿ ಸೂಪರ್‌ಮಾರ್ಕೆಟ್ ಎಂಬ ರೂಪ ಪಡೆಯಿತು. ಮಳಿಗೆ ಎಷ್ಟೇ ದೊಡ್ಡದಾದರೂ ಬುಟ್ಟಿ ಮಾತ್ರ ಕೈಯಲ್ಲೇ ಉಳಿಯಿತು.

ಅದರ ತೊಡಕನ್ನು ಕಂಡವರಲ್ಲಿ ಒಬ್ಬರು ಓಕ್ಲಹೋಮ ನಗರದಲ್ಲಿ ‘ಹಂಪ್ಟಿ ಡಂಪ್ಟಿ’ ಎಂಬ ಮಳಿಗೆಗಳ ಸರಣಿ ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್. ಬುಟ್ಟಿ ಭಾರವಾದ ಕೂಡಲೇ ಗಿರಾಕಿ ಬಿಲ್ಲಿನ ಕಡೆ ತಿರುಗುತ್ತಾರೆ, ಕೊಳ್ಳಬೇಕೆಂದಿದ್ದ ಉಳಿದ ಸಾಮಾನು ಕಪಾಟಿನಲ್ಲೇ ಕೂರುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಒಂದು ರಾತ್ರಿ ಕಚೇರಿಯಲ್ಲಿದ್ದ ಮಡಚುವ ಕುರ್ಚಿಯನ್ನು ನೋಡುತ್ತಾ ಅವರಿಗೆ ಉಪಾಯ ಹೊಳೆಯಿತು: ಕುರ್ಚಿಯ ಕಾಲಿಗೆ ಗಾಲಿ, ಕೂರುವ ಜಾಗದಲ್ಲಿ ಒಂದು ಬುಟ್ಟಿ, ಕೆಳಗೆ ಇನ್ನೊಂದು ಬುಟ್ಟಿ. ಮೆಕ್ಯಾನಿಕ್ ಫ್ರೆಡ್ ಯಂಗ್ ಅದನ್ನು ಕಬ್ಬಿಣದ ಚೌಕಟ್ಟಿನಲ್ಲಿ ಮಾಡಿಕೊಟ್ಟರು. ಕೆಲಸ ಮುಗಿದ ಮೇಲೆ ಬುಟ್ಟಿ ತೆಗೆದಿಟ್ಟು ಚೌಕಟ್ಟನ್ನು ಮಡಚಿ ಗೋಡೆಗೆ ಒರಗಿಸಬಹುದಿತ್ತು. 1937ರ ಜೂನ್‌ನಲ್ಲಿ ಈ ಗಾಡಿಗಳು ಅಂಗಡಿಗೆ ಬಂದವು.

ಯಾರೂ ಮುಟ್ಟಲಿಲ್ಲ. ಗಾಡಿ ತಳ್ಳಿದರೆ ತೋಳಿನಲ್ಲಿ ಬಲವಿಲ್ಲವೆಂದು ಜನ ತಿಳಿದಾರು ಎಂಬುದು ಗಂಡಸರ ಸಂಕೋಚ. ಮಗುವಿನ ಗಾಡಿ ತಳ್ಳಿ ತಳ್ಳಿ ಸಾಕಾಗಿದೆ, ಇಲ್ಲೂ ಬೇಡ ಎಂಬುದು ಹೆಂಗಸರ ಮಾತು. ವಯಸ್ಸಾದ ಕೆಲವರು ಮಾತ್ರ ಹಿಡಿದರು. ಗೋಲ್ಡ್‌ಮನ್ ಬೇರೆ ಬೇರೆ ವಯಸ್ಸಿನ ಗಂಡಸರನ್ನೂ ಹೆಂಗಸರನ್ನೂ ಕೂಲಿಗೆ ಕರೆತಂದು, ಗಾಡಿಯಲ್ಲಿ ಸಾಮಾನು ತುಂಬಿಕೊಂಡು ಅಂಗಡಿಯೊಳಗೆ ಓಡಾಡಿಸಿದರು. ಬಾಗಿಲಲ್ಲಿ ನಿಂತ ಯುವತಿಯೊಬ್ಬಳು ಒಳಬಂದವರಿಗೆ ಅವರನ್ನು ತೋರಿಸಿ ‘ಎಲ್ಲರೂ ಬಳಸುತ್ತಿದ್ದಾರೆ, ನೀವೂ ತೆಗೆದುಕೊಳ್ಳಿ’ ಎನ್ನುವ ಕೆಲಸಕ್ಕೆ ನೇಮಕವಾದಳು. ಕೆಲವೇ ವಾರಗಳಲ್ಲಿ ಗಾಡಿಗೆ ಬೇಡಿಕೆ ಬಂತು. 1940ರಲ್ಲಿ ಗೋಲ್ಡ್‌ಮನ್‌ಗೆ ಪೇಟೆಂಟ್ ಸಿಕ್ಕಿತು. ಗಿರಾಕಿಯ ತೋಳಿನ ನೋವು ಅವರನ್ನು ಕಾಡಿತ್ತು ಎನ್ನುವುದಕ್ಕಿಂತ ಗಿರಾಕಿಯ ಬುಟ್ಟಿಯ ಮಿತಿ ಅವರ ಗಲ್ಲಾಪೆಟ್ಟಿಗೆಯನ್ನು ಕಾಡಿತ್ತು ಎನ್ನುವುದೇ ಸರಿ.

ಇಂದು ಕಾಣುವ ಟ್ರಾಲಿಯ ಆಕಾರ ಗೋಲ್ಡ್‌ಮನ್‌ರದ್ದಲ್ಲ. ಮಡಚುವುದು, ಬಿಚ್ಚುವುದು, ಬುಟ್ಟಿ ಕೂರಿಸುವುದು ದಿನವಿಡೀ ನಡೆಯುವ ತಾಪತ್ರಯವಾಗಿತ್ತು. ಕ್ಯಾನ್ಸಸ್ ಸಿಟಿಯ ಓರ್ಲಾ ವಾಟ್ಸನ್ 1946ರಲ್ಲಿ ಅದಕ್ಕೆ ಪರಿಹಾರ ಕಂಡುಹಿಡಿದರು. ಬುಟ್ಟಿಯ ಹಿಂಬದಿಯನ್ನು ಮೇಲಿನಿಂದ ತೂಗುಬಿಟ್ಟ ಬಾಗಿಲಿನಂತೆ ಮಾಡಿ, ಮುಂಭಾಗವನ್ನು ಕಿರಿದಾಗಿಸಿದರೆ ಒಂದು ಗಾಡಿಯನ್ನು ಇನ್ನೊಂದರ ಬೆನ್ನಿಗೆ ತಳ್ಳಿದ ಕೂಡಲೇ ಅದು ಒಳಗೆ ಸೇರಿಕೊಳ್ಳುತ್ತದೆ. ಹತ್ತು ಗಾಡಿ ನಿಲ್ಲಿಸಿದರೂ ಮೂರು ನಾಲ್ಕು ಗಾಡಿಯ ಜಾಗ ಸಾಕು. ಗೋಲ್ಡ್‌ಮನ್ ಕೂಡ ಇದೇ ಬಗೆಯ ಗಾಡಿ ಹೊರತಂದರು, ಇಬ್ಬರ ನಡುವೆ ಪೇಟೆಂಟ್ ಜಗಳ ಹತ್ತಿತು. ಕೊನೆಗೆ ವಾಟ್ಸನ್‌ರ ಪೇಟೆಂಟ್‌ಗೆ ಮನ್ನಣೆ, ತಯಾರಿಸುವ ಪರವಾನಗಿ ಗೋಲ್ಡ್‌ಮನ್‌ಗೆ ಎಂದು ರಾಜಿಯಾಯಿತು.

ಗಾಲಿಯ ಗುಟ್ಟು

ಹೊರುವುದಕ್ಕೂ ತಳ್ಳುವುದಕ್ಕೂ ಇರುವ ಅಂತರ ಗಾಲಿಯಲ್ಲಿದೆ. 30 ಕಿಲೋ ಹೊತ್ತವರ ತೋಳು, ಭುಜ, ಬೆನ್ನುಮೂಳೆ ಅಷ್ಟೂ ಭಾರವನ್ನು ತಡೆಯಬೇಕು. ಅದೇ 30 ಕಿಲೋ ಟ್ರಾಲಿಯಲ್ಲಿದ್ದರೆ ಭಾರವನ್ನು ನೆಲ ಹೊರುತ್ತದೆ; ಕೈ ಕೊಡಬೇಕಾದ್ದು ಗಾಲಿಯ ಉರುಳು ಘರ್ಷಣೆಯನ್ನು ಮೀರುವಷ್ಟು ಬಲ ಮಾತ್ರ. ನಯವಾದ ನೆಲ, ಚೆನ್ನಾಗಿ ತಿರುಗುವ ಗಾಲಿ ಇದ್ದರೆ ಅದು ಒಟ್ಟು ತೂಕದ ನೂರರಲ್ಲಿ ಒಂದೆರಡು ಪಾಲಿನಷ್ಟೇ. ಗಾಲಿಗೆ ದಾರ, ಕೂದಲು, ಪ್ಲಾಸ್ಟಿಕ್ ಚೂರು ಸುತ್ತಿಕೊಂಡಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ, ಗಾಡಿ ಒಂದೇ ಕಡೆಗೆ ಎಳೆಯತೊಡಗುತ್ತದೆ. ಆದ್ದರಿಂದ ಸಾಲಿನಿಂದ ಟ್ರಾಲಿ ಎಳೆದ ಕೂಡಲೇ ಖಾಲಿ ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ ನೋಡುವುದು ಒಳ್ಳೆಯದು. ಖಾಲಿಯಿದ್ದಾಗಲೇ ಓರೆ ಹೋಗುವ ಗಾಡಿ ತುಂಬಿದ ಮೇಲೆ ಮಾತು ಕೇಳುವುದಿಲ್ಲ.

ಟ್ರಾಲಿಯ ಮುಂದಿನ ಗಾಲಿಗಳನ್ನು ನೋಡಿದರೆ, ಅಚ್ಚು ತಿರುಗುವ ಕೀಲಿನ ನೇರ ಕೆಳಗಿರದೆ ಸ್ವಲ್ಪ ಹಿಂದಕ್ಕೆ ಜರುಗಿರುತ್ತದೆ. ಗಾಡಿ ಎತ್ತ ಹೋದರೂ ಗಾಲಿ ತಾನಾಗಿ ಅದರ ಹಿಂದೆ ಬಂದು ನೇರವಾಗಲು ಈ ಅಂತರವೇ ಕಾರಣ. ಕೀಲು ಸಡಿಲವಾದಾಗ ಅದೇ ಗಾಲಿ ಎಡಬಲಕ್ಕೆ ಪಟಪಟನೆ ಬಡಿದುಕೊಳ್ಳುತ್ತದೆ. ನಿಧಾನವಾಗಿ ತಳ್ಳಿದರೆ ಈ ಬಡಿತ ನಿಲ್ಲುವುದುಂಟು. ಅಮೆರಿಕದ ಟ್ರಾಲಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿ ಸ್ಥಿರ, ಮುಂದಿನವು ತಿರುಗುವಂಥವು. ಯುರೋಪಿನ ಹಲವು ಮಳಿಗೆಗಳಲ್ಲಿ ನಾಲ್ಕೂ ತಿರುಗುತ್ತವೆ. ಇಕ್ಕಟ್ಟಿನ ಓಣಿಯಲ್ಲಿ ಗಾಡಿಯನ್ನು ಪಕ್ಕಕ್ಕೆ ಸರಿಸಲು ಎರಡನೆಯದು ಅನುಕೂಲ, ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲು ಮೊದಲನೆಯದು.

ಮಾಲ್‌ಗಳಲ್ಲಿ ಮಹಡಿಯಿಂದ ಮಹಡಿಗೆ ಒಯ್ಯುವ ಇಳಿಜಾರಿನ ಚಲಿಸುವ ಹಾದಿಯ ಮೇಲೆ ಟ್ರಾಲಿ ಯಾಕೆ ಜಾರುವುದಿಲ್ಲ ಎಂಬುದು ಬಗ್ಗಿ ನೋಡುವಂಥ ಸಂಗತಿ. ಆ ಹಾದಿಯ ಮೈಮೇಲೆ ಉದ್ದಕ್ಕೂ ಗೀರುಗಳಿರುತ್ತವೆ. ಅಂಥ ಕಟ್ಟಡಗಳ ಟ್ರಾಲಿಗೆ ಅದಕ್ಕೆಂದೇ ಮಾಡಿದ ಸೀಳುಗಾಲಿ ಹಾಕಿರುತ್ತಾರೆ. ಗಾಲಿಯ ತೆಳು ಅಂಚುಗಳು ಗೀರಿನೊಳಗೆ ಇಳಿದಾಗ ಗಾಲಿಯ ಪಕ್ಕದಲ್ಲಿರುವ ರಬ್ಬರಿನ ತುಂಡು ಹಾದಿಗೆ ಒತ್ತಿಕೊಂಡು ಗಾಡಿಯನ್ನು ಕಚ್ಚಿ ಹಿಡಿಯುತ್ತದೆ. ತುದಿಗೆ ಬಂದಾಗ ಬಾಚಣಿಗೆಯಂಥ ಪಟ್ಟಿ ಗಾಲಿಯನ್ನು ಮೇಲೆತ್ತಿ ಬಿಡಿಸುತ್ತದೆ. ಆ ಕ್ಷಣದಲ್ಲಿ ಮುಂದಕ್ಕೆ ತಳ್ಳದೆ ನಿಂತರೆ ಹಿಂದೆ ಬರುವವರು ಮೈಮೇಲೆ ಬೀಳುತ್ತಾರೆ. ಸಾದಾ ಗಾಲಿಯ ಟ್ರಾಲಿಯನ್ನೋ ಮಗುವಿನ ಗಾಡಿಯನ್ನೋ ಅಲ್ಲಿಗೆ ಹತ್ತಿಸುವುದು ಅಪಾಯ.

ಅಪಾಯದ ಮಾತಿಗೆ ಬಂದರೆ, ಮಕ್ಕಳ ವಿಷಯ ಬಿಡುವಂತಿಲ್ಲ. ಟ್ರಾಲಿಯಿಂದಾದ ಗಾಯಕ್ಕೆ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ 1990ರಿಂದ 2011ರವರೆಗೆ ವರ್ಷಕ್ಕೆ ಸರಾಸರಿ 24,000 ಮಕ್ಕಳು ಬಂದಿದ್ದರೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಹೆಚ್ಚಿನವರು ಗಾಡಿಯಿಂದ ಬಿದ್ದವರು. ಹಿಡಿಯ ಪಕ್ಕದ ಸೀಟಿನಲ್ಲಿ ಕೂತ ಮಗುವಿನಿಂದ ಗಾಡಿಯ ಭಾರಕೇಂದ್ರ ಮೇಲಕ್ಕೇರುತ್ತದೆ. ಬುಟ್ಟಿಯೊಳಗೆ ಮಗು ಎದ್ದು ನಿಂತರಂತೂ ಪಕ್ಕಕ್ಕೆ ಮಗುಚಲು ಒಂದು ಚಿಕ್ಕ ತಳ್ಳು ಸಾಕು. ಬೆಲ್ಟ್ ಇದ್ದರೆ ಕಟ್ಟಬೇಕು, ಇಲ್ಲದಿದ್ದರೆ ಮಗು ನೆಲದ ಮೇಲೆ ನಡೆಯುವುದೇ ಸರಿ.

ಟ್ರಾಲಿ ಬಳಸಿದವರು ಅದನ್ನು ವಾಪಸು ತಂದಿಡುವುದು ಇನ್ನೊಂದು ತಲೆನೋವು. ಜರ್ಮನಿ ಸೇರಿದಂತೆ ಯುರೋಪಿನ ಹಲವು ದೇಶಗಳಲ್ಲಿ ಸಾಲಿನಿಂದ ಗಾಡಿ ಬಿಡಿಸಲು ಒಂದು ಯೂರೋ ನಾಣ್ಯ ತೂರಿಸಬೇಕು. ಗಾಡಿಯನ್ನು ಮತ್ತೆ ಸಾಲಿಗೆ ಸೇರಿಸಿ ಸರಪಳಿ ಸಿಕ್ಕಿಸಿದಾಗಲೇ ನಾಣ್ಯ ಹೊರಬರುತ್ತದೆ. ಮೊತ್ತ ಸಣ್ಣದು, ಆದರೂ ಬಿಟ್ಟುಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಕರ್ನಾಟಕದ ಮಳಿಗೆಗಳಲ್ಲಿ ಆ ಕೆಲಸಕ್ಕೆ ಸಿಬ್ಬಂದಿ ಇರುತ್ತಾರೆ. ಜೊತೆಗೆ ಟ್ರಾಲಿ ಬಾಗಿಲು ದಾಟದಂತೆ ಮೆಟ್ಟಿಲೋ ಕಬ್ಬಿಣದ ಗೂಟವೋ ಇರುತ್ತದೆ. ಗಾಡಿ ಕಳೆಯುವುದಿಲ್ಲ ನಿಜ, ಆದರೆ ತುಂಬಿದ ಚೀಲ ಹೊತ್ತವರ ಕಷ್ಟ ಸರಿಯಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಟ್ರಾಲಿಯ ಹಿಡಿಕೆಗೂ ಜೇಬಿಗೂ ನಂಟಿದೆ. ಲಂಡನ್ನಿನ ಬೇಯಸ್ ಬಿಸಿನೆಸ್ ಸ್ಕೂಲ್‌ನ ಸಂಶೋಧಕರು, ಎಂದಿನ ಅಡ್ಡ ಹಿಡಿಕೆಯ ಬದಲು ಒಂದು ಚಕ್ರದ ಕೈಗಾಡಿಯಲ್ಲಿರುವಂತೆ ಉದ್ದಕ್ಕೆ ಚಾಚಿದ ಎರಡು ಹಿಡಿಕೆಗಳ ಟ್ರಾಲಿ ಕೊಟ್ಟು ನೋಡಿದರು. ಅಂಥ ಗಾಡಿ ತಳ್ಳಿದವರು ಸುಮಾರು ಶೇ 25ರಷ್ಟು ಹೆಚ್ಚು ಖರ್ಚು ಮಾಡಿದ್ದರು. ವಸ್ತುವನ್ನು ಮೈಯತ್ತ ಎಳೆದುಕೊಳ್ಳುವಾಗ ಕೆಲಸ ಮಾಡುವ ತೋಳಿನ ಸ್ನಾಯು ಆ ಹಿಡಿತದಲ್ಲಿ ಚುರುಕಾಗುತ್ತದೆ, ಮನಸ್ಸೂ ಅದರ ಜೊತೆ ಹೋಗುತ್ತದೆ ಎಂಬುದು ಅವರ ವಿವರಣೆ. ಅದಕ್ಕಿಂತ ಸರಳವಾದ ಪಾಠವನ್ನು ಗೋಲ್ಡ್‌ಮನ್ ಆಗಲೇ ಕಲಿತಿದ್ದರು: ಜಾಗ ಇದ್ದಷ್ಟೂ ಜನ ತುಂಬುತ್ತಾರೆ. ಹಾಲು, ಬ್ರೆಡ್, ಒಂದು ಕಟ್ಟು ಸೊಪ್ಪಿಗೆಂದು ಹೋದವರು ದೊಡ್ಡ ಟ್ರಾಲಿ ಎಳೆದುಕೊಂಡರೆ ತಪ್ಪು ಅಲ್ಲೇ ಆಯಿತು. ಐದಾರು ವಸ್ತುವಿದ್ದರೆ ಕೈಬುಟ್ಟಿ, ತಿಂಗಳ ಚೀಟಿ ಇದ್ದರೆ ಟ್ರಾಲಿ.

ಚೀಲ ಯಾವುದು, ಎಷ್ಟು ಸಲ

ತೆಳು ಪ್ಲಾಸ್ಟಿಕ್ಕಿನ, ಎರಡು ಕಿವಿಯ ಕೈಚೀಲವನ್ನು ರೂಪಿಸಿದವರು ಸ್ವೀಡನ್ನಿನ ‘ಸೆಲ್ಲೋಪ್ಲಾಸ್ಟ್’ ಕಂಪನಿಯ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್. ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. ಕೆಲವು ಗ್ರಾಂ ತೂಗುವ ಚೀಲ ತನ್ನ ತೂಕದ ಸಾವಿರ ಪಟ್ಟು ಹೊರಬಲ್ಲದಾಗಿತ್ತು. ಮತ್ತೆ ಮತ್ತೆ ಬಳಸಲೆಂದೇ ಅದನ್ನು ಮಾಡಿದ್ದು ಎಂದು ಅವರ ಮಗ ಹೇಳಿದ್ದುಂಟು. ಪುಕ್ಕಟೆ ಸಿಕ್ಕಿದ್ದನ್ನು ಮಡಚಿಟ್ಟುಕೊಳ್ಳುವ ತಾಳ್ಮೆ ಜಗತ್ತಿಗೆ ಇರಲಿಲ್ಲ. ಬಾಂಗ್ಲಾದೇಶದ ಪ್ರವಾಹಗಳಲ್ಲಿ ಚರಂಡಿ ಕಟ್ಟಿದ್ದಕ್ಕೆ ಈ ಚೀಲಗಳೂ ಕಾರಣವೆಂದು ಗೊತ್ತಾಗಿ 2002ರಲ್ಲಿ ಅಲ್ಲಿ ತೆಳು ಚೀಲ ನಿಷೇಧವಾಯಿತು. ಅದೇ ವರ್ಷ ಐರ್ಲೆಂಡ್ ಬೇರೆ ದಾರಿ ಹಿಡಿದು, ಒಂದು ಚೀಲಕ್ಕೆ 15 ಸೆಂಟ್ ಸುಂಕ ಹಾಕಿತು. ಬಳಕೆ ಶೇ 90ಕ್ಕೂ ಹೆಚ್ಚು ಇಳಿಯಿತು. ನಿಷೇಧಕ್ಕಿಂತ ಚಿಲ್ಲರೆ ಕಾಸು ಹೆಚ್ಚು ಕೆಲಸ ಮಾಡಿದ ಉದಾಹರಣೆಯಿದು.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ಬ್ಯಾನರ್, ಫ್ಲೆಕ್ಸ್, ತಟ್ಟೆ, ಲೋಟಗಳ ತಯಾರಿಕೆ, ಮಾರಾಟ, ಬಳಕೆಯನ್ನು ನಿಷೇಧಿಸಿತು. ದೇಶಮಟ್ಟದ ನಿಯಮದಲ್ಲಿ ಪ್ಲಾಸ್ಟಿಕ್ ಚೀಲದ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಎಂದಾಯಿತು. ಸೂಪರ್‌ಮಾರ್ಕೆಟ್‌ಗಳಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳು ಬಹುಮಟ್ಟಿಗೆ ಕಾಣೆಯಾಗಿವೆ, ತರಕಾರಿ ಗಾಡಿಗಳಲ್ಲಿ ಇನ್ನೂ ಉಳಿದಿವೆ. ಬಿಲ್ ಕೌಂಟರಿನಲ್ಲಿ ಚೀಲಕ್ಕೆ ಪ್ರತ್ಯೇಕ ಹಣ ಕೇಳುವ ರೂಢಿ ಬಂದದ್ದು ಈ ನಿಯಮಗಳ ಬೆನ್ನಿಗೆ. ಸ್ವಂತ ಚೀಲ ಒಳಗೆ ತರಲು ಬಿಡದೆ, ಮೊದಲೇ ತಿಳಿಸದೆ, ಬಿಲ್ ಹೊತ್ತಿನಲ್ಲಿ ಚೀಲದ ದರ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಅಂದರೆ ದರ ತಗೊಳ್ಳುವುದೇ ತಪ್ಪಲ್ಲ, ಗಿರಾಕಿ ಬೇರೆ ದಾರಿಯಿಲ್ಲದೆ ನಿಂತ ಹೊತ್ತಿನಲ್ಲಿ ಅದನ್ನು ಹೇರುವುದು ತಪ್ಪು.

ಮಳಿಗೆಗಳು ‘ಬಟ್ಟೆ ಚೀಲ’ವೆಂದು ಮಾರುವುದರಲ್ಲಿ ಹೆಚ್ಚಿನವು ಬಟ್ಟೆಯಲ್ಲ. ಬೆಳಕಿಗೆ ಹಿಡಿದು ನೋಡಿದರೆ ನೇಯ್ಗೆಯ ಎಳೆ ಕಾಣುವುದಿಲ್ಲ. ಒತ್ತಿ ಮೂಡಿಸಿದ ಸಣ್ಣ ಚುಕ್ಕಿಗಳ ಸಾಲು ಮಾತ್ರ ಕಾಣುತ್ತದೆ. ಅಂಚನ್ನು ಎಳೆದರೆ ದಾರ ಬಿಚ್ಚಿಕೊಳ್ಳದೆ ಹತ್ತಿಯ ಹಾಳೆಯಂತೆ ಹರಿಯುತ್ತದೆ. ಇದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ, ನೇಯದ ಬಟ್ಟೆ. ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕದ ಇಂಥ ಚೀಲಕ್ಕೂ ಕೇಂದ್ರದ ನಿಯಮದಲ್ಲಿ ನಿಷೇಧವಿದೆ. ತೆಳುವಾದದ್ದು ಒಂದು ಬೇಸಿಗೆಯ ಬಿಸಿಲಿಗೆ ಪುಡಿಯಾಗುತ್ತದೆ. ದಪ್ಪನೆಯದು ಹೊಲಿಗೆ ಗಟ್ಟಿಯಿದ್ದರೆ ಎರಡು ಮೂರು ವರ್ಷ ಬಾಳುತ್ತದೆ.

ಹಾಗಾದರೆ ಹತ್ತಿಯ ಚೀಲವೇ ಶ್ರೇಷ್ಠವೇ? ಲೆಕ್ಕ ಅಷ್ಟು ಸರಳವಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯಂತೆ, ತಯಾರಿಕೆಯಿಂದ ವಿಲೇವಾರಿವರೆಗಿನ ತಾಪಮಾನ ಪರಿಣಾಮದಲ್ಲಿ ಒಂದು ಸಲ ಬಳಸಿ ಎಸೆವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ ಚೀಲವನ್ನು 3 ಸಲ, ನೇಯದ ಪಾಲಿಪ್ರೊಪಿಲೀನ್ ಚೀಲವನ್ನು 11 ಸಲ, ಹತ್ತಿಯದನ್ನು 131 ಸಲ ಬಳಸಬೇಕು. ವಾರಕ್ಕೊಂದು ಸಲ ಅಂಗಡಿಗೆ ಹೋಗುವವರಿಗೆ 131 ಎಂದರೆ ಎರಡೂವರೆ ವರ್ಷ. ಡೆನ್ಮಾರ್ಕಿನ ಪರಿಸರ ಸಂಸ್ಥೆಯ 2018ರ ವರದಿ ಹವಾಮಾನವೊಂದನ್ನೇ ನೋಡಿದರೆ ಹತ್ತಿಗೆ 52 ಸಲ ಸಾಕೆಂದಿತು. ನೀರು, ಓಝೋನ್ ಮೊದಲಾದ ಎಲ್ಲ ಅಳತೆ ಸೇರಿಸಿದರೆ 7,100 ಸಲ. ಆ ಸಂಖ್ಯೆ ಜಗತ್ತಿನಾದ್ಯಂತ ತಲೆಬರಹವಾಯಿತು. ಆದರೆ ಈ ವರದಿಗಳು ಬೀದಿಗೆ ಬಿದ್ದ ಚೀಲದ ಪರಿಣಾಮವನ್ನು ಎಣಿಸಿಲ್ಲ. ಕಸವೆಲ್ಲ ಸರಿಯಾಗಿ ಸುಡುಗೂಡಿಗೋ ಮರುಬಳಕೆಗೋ ಹೋಗುವ ದೇಶಕ್ಕೆ ಆ ಲೆಕ್ಕ ಹೊಂದುತ್ತದೆ. ಚೀಲ ರಾಜಕಾಲುವೆಗೂ ಹಸುವಿನ ಹೊಟ್ಟೆಗೂ ಸೇರುವ ಊರಿಗೆ ಅದನ್ನು ಹಾಗೇ ಅನ್ವಯಿಸುವುದು ತಪ್ಪಾಗುತ್ತದೆ. ಆದರೂ ವರದಿಗಳ ತಿರುಳು ಎಲ್ಲೆಡೆಗೂ ಸಲ್ಲುತ್ತದೆ: ಚೀಲದ ಗುಣ ಅದರ ಬಟ್ಟೆಗಿಂತ ಹೆಚ್ಚಾಗಿ ಬಳಕೆಯ ಸಂಖ್ಯೆಯಲ್ಲಿದೆ. ಪ್ರತಿ ಸಲ ಹೊಸ ಹತ್ತಿ ಚೀಲ ಕೊಂಡು ಮನೆಯಲ್ಲಿ ರಾಶಿ ಹಾಕುವವರು ಪರಿಸರಕ್ಕೆ ಉಪಕಾರ ಮಾಡುತ್ತಿಲ್ಲ.

ಕರ್ನಾಟಕದ ಮನೆಗಳಲ್ಲಿ ಆ ರಾಶಿ ಹೇಗೂ ಇದೆ. ಮದುವೆ, ಗೃಹಪ್ರವೇಶಗಳ ತಾಂಬೂಲದ ಚೀಲ, ಜವಳಿ ಅಂಗಡಿಯ ಚೀಲ, ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿ, ಖಾಲಿಯಾದ 25 ಕಿಲೋ ಅಕ್ಕಿಯ ಮೂಟೆ. ಇವುಗಳ ಸಾಮರ್ಥ್ಯ ಬೇರೆ ಬೇರೆ. ತಾಂಬೂಲದ ಚೀಲ ಒಂದು ತೆಂಗಿನಕಾಯಿಗೆ ಹೊಲಿದದ್ದು. ಸೊಪ್ಪಿಗೋ ಬ್ರೆಡ್ಡಿಗೋ ಸರಿ, ಎಣ್ಣೆ ಕ್ಯಾನಿಗಲ್ಲ. ಹೆಣೆದ ವೈರ್ ಬುಟ್ಟಿಗೆ ತಳ ಗಟ್ಟಿ, ತೊಳೆಯುವುದು ಸುಲಭ, ತೂತುಗಳಿಂದ ನೀರು ಸೋರಿ ಒಣಗುತ್ತದೆ. ತರಕಾರಿಗೂ ಮೊಟ್ಟೆಗೂ ಅದಕ್ಕಿಂತ ಒಳ್ಳೆಯದಿಲ್ಲ. ಅಕ್ಕಿ ಮೂಟೆ ನೇಯ್ದ ಪಾಲಿಪ್ರೊಪಿಲೀನ್. ದರ್ಜಿಯಿಂದ ಅರ್ಧಕ್ಕೆ ಕತ್ತರಿಸಿ, ತಳಕ್ಕೆ ಎರಡು ಹೊಲಿಗೆ ಹಾಕಿಸಿ, ಅಗಲ ಪಟ್ಟಿಯ ಕೈ ಇರಿಸಿದರೆ ಅಂಗಡಿಯಲ್ಲಿ ಸಿಗುವ ಯಾವ ಚೀಲಕ್ಕೂ ಕಡಿಮೆಯಿಲ್ಲ. ಸೆಣಬಿನ ಚೀಲ ಗಟ್ಟಿಮುಟ್ಟು, ಆದರೆ ಮಳೆಗಾಲದಲ್ಲಿ ನೆನೆದರೆ ಮುಗ್ಗುಲು ವಾಸನೆ ಬಿಡದು.

ಪಟ್ಟಿಯ ಅಗಲ ಸಣ್ಣ ಮಾತಲ್ಲ. ಐದು ಕಿಲೋ ತೂಕ ತೆಳು ಪ್ಲಾಸ್ಟಿಕ್ ಕಿವಿಯಲ್ಲಿ ನೇತಾಡಿದಾಗ ಅಷ್ಟೂ ಭಾರ ಬೆರಳಿನ ಒಂದು ಗೆರೆಯ ಮೇಲೆ ಬೀಳುತ್ತದೆ, ರಕ್ತ ನಿಂತು ಬೆರಳು ಬೆಳ್ಳಗಾಗುತ್ತದೆ. ಮೂರು ಬೆರಳಗಲದ ಪಟ್ಟಿಯಲ್ಲಿ ಅದೇ ತೂಕ ನೋವಿಲ್ಲದೆ ಕೂರುತ್ತದೆ. ಒಂದೇ ಕೈಯಲ್ಲಿ ಹತ್ತು ಕಿಲೋ ಹಿಡಿದರೆ ಬೆನ್ನು ಪಕ್ಕಕ್ಕೆ ಬಾಗುತ್ತದೆ. ಎರಡು ಕೈಗೆ ಐದೈದು ಹಂಚಿದರೆ ನೆಟ್ಟಗಿರುತ್ತದೆ. ಆದ್ದರಿಂದ ಒಂದು ದೊಡ್ಡ ಚೀಲಕ್ಕಿಂತ ಮಧ್ಯಮ ಗಾತ್ರದ ನಾಲ್ಕು ಚೀಲ ಮೇಲು. ದೊಡ್ಡ ಚೀಲವನ್ನು ತುಂಬುವುದು ಸುಲಭ, ಎತ್ತುವುದು ಕಷ್ಟ.

ಚೀಲಕ್ಕೂ ಸ್ನಾನ ಬೇಕು. ಅಮೆರಿಕದ ಅರಿಜೋನ ಮತ್ತು ಲೋಮ ಲಿಂಡ ವಿಶ್ವವಿದ್ಯಾಲಯಗಳ ಸಂಶೋಧಕರು ಗಿರಾಕಿಗಳಿಂದ 84 ಚೀಲ ಪಡೆದು ಪರೀಕ್ಷಿಸಿದಾಗ ಅರ್ಧದಷ್ಟರಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕವು. ಬಹುತೇಕರು ಚೀಲವನ್ನು ಒಮ್ಮೆಯೂ ತೊಳೆದಿರಲಿಲ್ಲ. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಪ್ಲಾಸ್ಟಿಕ್ ತಯಾರಕರೂ ಇರುವ ರಾಸಾಯನಿಕ ಉದ್ಯಮದ ಸಂಘ ಎಂಬುದನ್ನು ಜೊತೆಗೇ ಹೇಳಬೇಕು. ಹಾಗಿದ್ದೂ ಅದರಲ್ಲೇ ಸಿಕ್ಕ ಇನ್ನೊಂದು ಫಲಿತಾಂಶ ಸಮಾಧಾನದ್ದು: ತೊಳೆದ ಚೀಲದಲ್ಲಿ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಪೂರ್ತಿ ಹೋಗಿದ್ದವು. ಮಾಂಸ, ಮೀನಿಗೆ ಒಂದು ಚೀಲವನ್ನು ಬೇರೆಯೇ ಇಟ್ಟು, ಪ್ರತಿ ಸಲ ತೊಳೆದು ಬಿಸಿಲಿಗೆ ಹಾಕಿದರೆ ಸಾಕು. ಕಾರಿನ ಡಿಕ್ಕಿಯ ಬಿಸಿಯಲ್ಲಿ ಚೀಲವನ್ನು ಮುದುಡಿ ಬಿಡುವುದು ಮಾತ್ರ ಬೇಡ.

ಎತ್ತಾಟ ಕಡಿಮೆ ಮಾಡುವ ದಾರಿ

ಸಾಮಾನು ಸುಲಭವಾಗಿ ಸಾಗುವುದು ಟ್ರಾಲಿಯಲ್ಲಿ ಅದನ್ನು ಜೋಡಿಸಿದ ಕ್ರಮದಿಂದ. ಅಕ್ಕಿ, ಹಿಟ್ಟು, ಎಣ್ಣೆ ಮೊದಲು. ಟ್ರಾಲಿಗೆ ಕೆಳತಟ್ಟೆ ಇದ್ದರೆ ಅಕ್ಕಿ ಮೂಟೆಗೆ ಅದೇ ಜಾಗ. ನಂತರ ಬೇಳೆ, ಸಕ್ಕರೆ, ಡಬ್ಬಿಗಳು. ಸೋಪು, ಫಿನಾಯಿಲ್ ಒಂದು ಮೂಲೆಗೆ, ತಿನ್ನುವ ಪದಾರ್ಥದಿಂದ ದೂರ. ತರಕಾರಿ, ಮೊಸರು, ಬ್ರೆಡ್, ಮೊಟ್ಟೆ ಕೊನೆಗೆ, ಮೇಲೆ. ಮಳಿಗೆಗಳು ತರಕಾರಿಯನ್ನು ಬಾಗಿಲ ಬಳಿಯೇ ಇಡುವುದು ಹೆಚ್ಚು. ಅಲ್ಲಿಂದ ಶುರು ಮಾಡಿದರೆ ಟೊಮೆಟೊ ಮೇಲೆ ಗೋಧಿಹಿಟ್ಟು ಕೂರುತ್ತದೆ. ಆದ್ದರಿಂದ ಹೆಜ್ಜೆಯನ್ನು ತಿರುಗಿಸಿ ಒಳಗಿನಿಂದ ಹೊರಗೆ ಬರುವುದು ಜಾಣತನ. ಬಿಲ್ ಕೌಂಟರಿನ ಮೇಲೆ ಇಡುವಾಗಲೂ ಇದೇ ಕ್ರಮ: ಭಾರದ್ದು ಮೊದಲು ಹೋದರೆ ಚೀಲದ ತಳಕ್ಕೆ ಮೊದಲು ಬೀಳುತ್ತದೆ, ಮರುಜೋಡಣೆ ಉಳಿಯುತ್ತದೆ. ಮನೆಯಲ್ಲಿ ಫ್ರಿಜ್ಜಿಗೆ ಹೋಗುವುದು ಒಂದು ಚೀಲಕ್ಕೆ, ಡಬ್ಬಿಗೆ ಹೋಗುವುದು ಇನ್ನೊಂದಕ್ಕೆ, ಬಚ್ಚಲಿಗೆ ಹೋಗುವುದು ಮತ್ತೊಂದಕ್ಕೆ ಬಿದ್ದರೆ ಆರನೆಯ ಎತ್ತಾಟ ಬಹಳ ಹಗುರಾಗುತ್ತದೆ.

ಒಂದು ಎತ್ತಾಟವನ್ನೇ ಪೂರ್ತಿ ಕಿತ್ತುಹಾಕುವ ವ್ಯವಸ್ಥೆಗಳೂ ಇವೆ. ಬ್ರಿಟನ್, ನೆದರ್‌ಲ್ಯಾಂಡ್ಸ್‌ಗಳ ಕೆಲವು ಮಳಿಗೆಗಳಲ್ಲಿ ಗಿರಾಕಿಗೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕೊಡುತ್ತಾರೆ. ಟ್ರಾಲಿಯಲ್ಲಿ ಬಿಚ್ಚಿಟ್ಟ ಸ್ವಂತ ಚೀಲಕ್ಕೆ ವಸ್ತುವನ್ನು ನೇರವಾಗಿ ಸ್ಕ್ಯಾನ್ ಮಾಡಿ ಹಾಕುತ್ತಾ ಹೋದರೆ ಕೌಂಟರಿನಲ್ಲಿ ಇಳಿಸಿ ತುಂಬುವ ಮಾತೇ ಇಲ್ಲ. ಜರ್ಮನಿಯ ಅಗ್ಗದ ಮಳಿಗೆಗಳದ್ದು ಇನ್ನೊಂದು ಉಪಾಯ: ಬಿಲ್ಲಾದ ಸಾಮಾನು ಮತ್ತೆ ಟ್ರಾಲಿಗೇ ಬೀಳುತ್ತದೆ, ಗೋಡೆಯ ಪಕ್ಕದ ಉದ್ದನೆಯ ಮೇಜಿಗೆ ಗಾಡಿ ಒಯ್ದು ಅಲ್ಲಿ ಯಾರ ಅವಸರವೂ ಇಲ್ಲದೆ ಚೀಲಕ್ಕೆ ತುಂಬಬಹುದು. ಭಾರತದ ಹಲವು ಮಳಿಗೆಗಳಲ್ಲಿ ತದ್ವಿರುದ್ಧ. ಸ್ವಂತ ಚೀಲವನ್ನು ಬಾಗಿಲಲ್ಲೇ ಟೋಕನ್ ಪಡೆದು ಬಿಟ್ಟುಹೋಗಬೇಕು, ಇಲ್ಲವೆ ಕಾವಲುಗಾರರು ಅದರ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಬಿಲ್ ಆದ ಮೇಲೆ ಆ ಪಟ್ಟಿ ಕತ್ತರಿಸಲು ಕತ್ತರಿ ಹುಡುಕುತ್ತಾ ನಿಂತಾಗ ಹಿಂದಿನ ಸಾಲು ಗೊಣಗುತ್ತದೆ. ಪ್ಲಾಸ್ಟಿಕ್ ಉಳಿಸಲು ತಂದ ಚೀಲಕ್ಕೆ ಪ್ಲಾಸ್ಟಿಕ್ ಬೀಗ! ಇದನ್ನು ತಪ್ಪಿಸಲು ಅಂಗೈಯಗಲಕ್ಕೆ ಮಡಚುವ ಪಾಲಿಯೆಸ್ಟರ್ ಚೀಲಗಳು ಉಪಯುಕ್ತ. ಜೇಬಿನಲ್ಲೋ ಪರ್ಸಿನಲ್ಲೋ ಹೋಗುತ್ತವೆ.

ಬಾಗಿಲಿನ ಆಚೆಗೆ ವಾಹನ ಯಾವುದು ಎಂಬುದೇ ಮುಖ್ಯ. ಕಾರಿನ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕ್ರೇಟ್ ಇಟ್ಟರೆ ಚೀಲಗಳು ಮಗುಚುವುದಿಲ್ಲ. ಆದರೆ ಕರ್ನಾಟಕದಲ್ಲಿ ಬಹಳಷ್ಟು ಜನರ ದಿನಸಿ ಸಾಗುವುದು ಸ್ಕೂಟರಿನಲ್ಲಿ. ಅಕ್ಕಿ ಮೂಟೆಗೆ ಕಾಲಿಡುವ ಜಾಗ, ಮೊಸರು ಮೊಟ್ಟೆಗೆ ಸೀಟಿನ ಕೆಳಗಿನ ಡಿಕ್ಕಿ ಬೇಡ, ಅಲ್ಲಿ ಎಂಜಿನ್ನಿನ ಬಿಸಿ ತಾಗುತ್ತದೆ. ಬೇಳೆ, ಸೋಪು ಅಲ್ಲಿಗೆ. ಮುಂದಿನ ಕೊಕ್ಕೆಯ ತಾಳಿಕೆ ಕೆಲವೇ ಕಿಲೋ, ವಾಹನದ ಕೈಪಿಡಿಯಲ್ಲಿ ಬರೆದಿರುತ್ತದೆ. ಹ್ಯಾಂಡಲ್ಲಿನ ತುದಿಗೆ ಚೀಲ ನೇತುಹಾಕುವುದು ಎಲ್ಲರೂ ಮಾಡುವ ಕೆಲಸ, ಎಲ್ಲಕ್ಕಿಂತ ಕೆಟ್ಟ ಕೆಲಸವೂ ಅದೇ: ತಿರುವಿನಲ್ಲಿ ಚೀಲ ತೂಗಿ ಹ್ಯಾಂಡಲನ್ನು ತನ್ನ ಕಡೆಗೆ ಎಳೆಯುತ್ತದೆ. ಅಗಲ ಪಟ್ಟಿಯ ಬೆನ್ನುಚೀಲ ಒಂದಿದ್ದರೆ ಹತ್ತು ಕಿಲೋವರೆಗಿನ ಸಾಮಾನಿಗೆ ಅದೇ ಸುರಕ್ಷಿತ.

ನಡೆದು ಹೋಗುವವರಿಗೆ, ಅದರಲ್ಲೂ ಮಂಡಿನೋವಿನ ಹಿರಿಯರಿಗೆ, ಎರಡು ಗಾಲಿಯ ಎಳೆಯುವ ಚೀಲ ಬಹಳ ಅನುಕೂಲ. ಯುರೋಪಿನ ಬೀದಿಗಳಲ್ಲಿ ಅದು ಸಾಮಾನ್ಯ ನೋಟ, ನಮ್ಮಲ್ಲಿ ಯಾಕೋ ಇನ್ನೂ ಸಂಕೋಚ. 1937ರ ಓಕ್ಲಹೋಮದ ಗಂಡಸರಿಗಿದ್ದ ಸಂಕೋಚವೇ ಇರಬೇಕು. ಕೊಳ್ಳುವಾಗ ನೋಡಬೇಕಾದ್ದು ಗಾಲಿಯ ಗಾತ್ರ. ಪ್ರಯಾಣದ ಸೂಟ್‌ಕೇಸಿನ ಪುಟ್ಟ ಗಾಲಿ ಕಾಲುದಾರಿಯ ಕಲ್ಲುಚಪ್ಪಡಿಯ ಸಂದಿಗೆ ಸಿಕ್ಕಿ ನಿಲ್ಲುತ್ತದೆ. ಅಂಗೈಗಿಂತ ದೊಡ್ಡ, ರಬ್ಬರ್ ಹೊದ್ದ ಗಾಲಿ ಅದನ್ನು ಹಾದುಹೋಗುತ್ತದೆ. ಭಾರದ ವಸ್ತು ತಳದಲ್ಲಿ, ಅಚ್ಚಿನ ಸಮೀಪ ಕೂತರೆ ಗಾಡಿಯನ್ನು ಓರೆ ಮಾಡಿದಾಗ ಕೈಗೆ ತೂಕ ಬರುವುದಿಲ್ಲ. ಲಿಫ್ಟ್ ಇಲ್ಲದ ಮನೆಗೆ, ಒಂದೊಂದು ಬದಿಗೂ ಮುಮ್ಮೂಲೆಯಾಗಿ ಮೂರು ಮೂರು ಗಾಲಿ ಜೋಡಿಸಿದ ಬಗೆ ಸಿಗುತ್ತದೆ. ಮೆಟ್ಟಿಲಿಗೆ ತಾಗಿದಾಗ ಗಾಲಿಗಳ ಗುಂಪೇ ಉರುಳಿ ಮುಂದಿನ ಗಾಲಿ ಮೇಲಿನ ಮೆಟ್ಟಿಲಲ್ಲಿ ಕೂರುತ್ತದೆ. ಹತ್ತಿಸಲು ಬಲ ಬೇಕೇ ಬೇಕು, ಆದರೆ ಎತ್ತಿ ಹೊರುವಷ್ಟಲ್ಲ.

ಚೀಲ ಮರೆಯುವುದಕ್ಕೆ ಮದ್ದು ಒಂದೇ: ಖಾಲಿಯಾದ ಚೀಲವನ್ನು ಅಡುಗೆಮನೆಯಲ್ಲಿ ಬಿಡದೆ ಆಗಲೇ ಗಾಡಿಯ ಡಿಕ್ಕಿಗೋ ಬಾಗಿಲ ಹಿಂದಿನ ಮೊಳೆಗೋ ಸೇರಿಸುವುದು. ಗಿರಾಕಿ ಇಷ್ಟು ಮಾಡಿದರೆ ಅವರ ಪಾಲಿನ ಕೆಲಸ ಮುಗಿಯಿತು. ಉಳಿದದ್ದು ಮಳಿಗೆಯವರದು. ಬಿಲ್ ಕೌಂಟರಿನ ಆಚೆ ಚೀಲ ತುಂಬಲು ಒಂದು ಮೇಜು, ಮೆಟ್ಟಿಲ ಪಕ್ಕ ಟ್ರಾಲಿ ಇಳಿಯುವ ಇಳಿಜಾರು, ಖಾಲಿ ಬಟ್ಟೆಚೀಲವನ್ನು ಒಳಗೆ ಬಿಡುವ ಸೌಜನ್ಯ, ಚೀಲದ ದರ ಬರೆದ ಫಲಕ ಬಾಗಿಲಲ್ಲೇ. ಈ ನಾಲ್ಕಕ್ಕೂ ಹೊಸ ಯಂತ್ರ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಗಿರಾಕಿಗಳು ಬಿಲ್ ಕೊಡುವಾಗ ಕೇಳಲು ಶುರು ಮಾಡಲಿ.